ಅತ್ತೆಯ ಮೂರನೇ ಗೇರು

ನನ್ನ ಅತ್ತೆಯ ಬೆನ್ನನ್ನು ನಾನು ನೋಡಿದಷ್ಟು ಈ ಲೋಕದಲ್ಲಿ ಇನ್ಯಾರೂ ನೋಡಿಲ್ಲ. ಎಡಭುಜ ಬಲಕ್ಕಿಂತ ತುಸು ಕೆಳಗೆ. ಕುತ್ತಿಗೆಯ ಹಿಂಭಾಗದಲ್ಲಿ ಒಂದು ಮಚ್ಚೆ. ಕೋಪ ಬಂದರೆ ಮೊದಲು ಕೆಂಪಾಗುವುದು ಕಿವಿಯ ತುದಿ. ಬೇರೆ ಮನೆಗಳಲ್ಲಿ ಅತ್ತೆ ಸೊಸೆಯರು ಮುಖಕ್ಕೆ ಮುಖ ಕೊಟ್ಟು ಜಗಳವಾಡುತ್ತಾರಂತೆ. ನಮಗೆ ಆ ಭಾಗ್ಯವೂ ಇಲ್ಲ. ನಾವು ಜಗಳವಾಡುವುದು ಏರುದಾರಿಯಲ್ಲಿ, ಏದುಸಿರು ಬಿಡುತ್ತ, ಒಬ್ಬರ ಹಿಂದೆ ಒಬ್ಬರು ಕೂತುಕೊಂಡು.

ನಮ್ಮದು ಇಬ್ಬರು ತುಳಿಯುವ ಸೈಕಲ್ಲು. ಮುಂದೊಂದು ಸೀಟು, ಹಿಂದೊಂದು ಸೀಟು, ಎರಡು ಜೊತೆ ಪೆಡಲು. ಹ್ಯಾಂಡಲ್ಲು, ಬ್ರೇಕು, ಗಂಟೆ, ಗೇರಿನ ಲಿವರು ಎಲ್ಲವೂ ಮುಂದೆ ಕೂತವರ ಕೈಯಲ್ಲಿ. ಹಿಂದೆ ಕೂತವರ ಕೈಗೆ ಹಿಡಿದುಕೊಳ್ಳಲು ಒಂದು ಕಬ್ಬಿಣದ ತುಂಡು ಕೊಟ್ಟಿದ್ದಾರೆ, ಅದು ಯಾವ ಕಡೆಗೂ ತಿರುಗುವುದಿಲ್ಲ. ಪೆಡಲುಗಳನ್ನು ಚೈನಿನಿಂದ ಒಂದಕ್ಕೊಂದು ಕಟ್ಟಿಬಿಟ್ಟಿರುವುದರಿಂದ ಮುಂದಿನವರ ಬಲಗಾಲು ಕೆಳಗಿಳಿದಾಗ ಹಿಂದಿನವರ ಬಲಗಾಲೂ ಇಳಿಯಬೇಕು. ಅವರು ನಿಧಾನವೆಂದರೆ ನಿಧಾನ, ನಿಲ್ಲು ಎಂದರೆ ನಿಲ್ಲು. ಸಂಸಾರವೆಂಬ ಬಂಡಿ ಅದು ಇದು ಎಂದು ಯಾರಾದರೂ ನನ್ನ ಮುಂದೆ ಶುರುಮಾಡಿದರೆ ಮೈ ಉರಿಯುತ್ತದೆ. ಅವರೆಲ್ಲ ಬಾಯಲ್ಲಿ ಬಂಡಿ ಎಳೆಯುವವರು, ನಾನು ಕಾಲಲ್ಲಿ ಎಳೆಯುತ್ತೇನೆ.

ನಾವು ಕಿಟಕಿಯ ಪರದೆಯವರು. ಮನೆಗಳಿಗೆ ಹೋಗಿ ಅಳತೆ ತೆಗೆಯುವುದು, ನಮ್ಮ ಮುಂದಿನ ಕೋಣೆಯ ಉದ್ದ ಮೇಜಿನ ಮೇಲೆ ಕತ್ತರಿಸಿ ಹೊಲಿಯುವುದು, ಮತ್ತೆ ಹೋಗಿ ಕಂಬಿ ಬಡಿದು ಪರದೆ ತೂಗುಹಾಕಿ ಬರುವುದು. ಬಟ್ಟೆಯನ್ನು ಹೇಗೆ ಬೇಕಾದರೂ ಮಡಚಬಹುದು, ಕಂಬಿಯನ್ನು ಮಡಚುವುದಕ್ಕಾಗುವುದಿಲ್ಲ. ಬಸ್ಸಿನಲ್ಲಿ ಒಯ್ಯೋಣವೆಂದರೆ ಆ ದಾರಿಯ ಬಸ್ಸು ಓಡಿಸುವವನು ನನ್ನ ಗಂಡ, ಅವನೇ ಒಲ್ಲೆ ಎನ್ನುತ್ತಾನೆ. "ಕಂಬಿ ಯಾರ ಕಣ್ಣಿಗಾದ್ರೂ ತಿವಿದ್ರೆ ನನ್ನ ಕೆಲಸಕ್ಕೆ ಕಲ್ಲು ಬೀಳತ್ತೆ. ಅಮ್ಮ ಆದ್ರೂ ಅಷ್ಟೆ, ಹೆಂಡತಿ ಆದ್ರೂ ಅಷ್ಟೆ" ಎಂದು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿಬಿಟ್ಟ. ಆದ್ದರಿಂದ ಈ ಉದ್ದ ಸೈಕಲ್ಲಿನ ಪಕ್ಕಕ್ಕೆ ಕಂಬಿಗಳನ್ನು ಬಿಗಿದು, ಹಿಂದೆ ಪರದೆಯ ಗಂಟು ಕಟ್ಟಿ ನಾವು ಹೊರಡುತ್ತೇವೆ. ಅವನು ಏರಿನಲ್ಲಿ ನಮ್ಮನ್ನು ಹಿಂದೆ ಹಾಕಿ ಹೋಗುವಾಗ ಹಾರನ್ ಹೊಡೆಯುತ್ತಾನೆ. ಅದನ್ನು ಅವನು ಪ್ರೀತಿ ಎಂದುಕೊಂಡಿದ್ದಾನೆ.

ಏರು ಎಂದೆನಲ್ಲ, ಅದನ್ನು ತಪ್ಪಿಸುವಂತೆಯೂ ಇಲ್ಲ. ನಮ್ಮ ಮನೆ ತಗ್ಗಿನಲ್ಲಿದೆ. ತಗ್ಗಿನ ಮನೆಗಳ ಕಿಟಕಿಗೆ ಹಳೇ ಚಾದರದ ತುಂಡು ಕಟ್ಟಿದರೂ ನಡೆಯುತ್ತದೆ. ಪರದೆ ಹಾಕಿಸಬೇಕಾದಷ್ಟು ಅಗಲದ ಕಿಟಕಿ ಇರುವವರೆಲ್ಲ ದಿಬ್ಬದ ಮೇಲೆ ಮನೆ ಕಟ್ಟಿಕೊಂಡಿದ್ದಾರೆ. ಔಷಧಿ ಅಂಗಡಿಯ ಹತ್ತಿರ ಶುರುವಾಗುವ ಏರು ಶಾಲೆಯ ಗೋಡೆ ದಾಟಿ, ಒಂದು ಕೆಟ್ಟ ತಿರುವು ತಿರುಗಿ, ನೀರಿನ ಟ್ಯಾಂಕಿನವರೆಗೂ ಮುಗಿಯುವುದಿಲ್ಲ.

ಅತ್ತೆ ಈ ಕೆಲಸದಲ್ಲಿ ಪಳಗಿದವರು, ಅದರಲ್ಲಿ ಎರಡು ಮಾತಿಲ್ಲ. ಬಾಗಿಲಲ್ಲೇ ನಿಂತು ಕಿಟಕಿಯನ್ನು ಒಮ್ಮೆ ನೋಡಿ ಅಗಲ ಹೇಳಿಬಿಡುತ್ತಾರೆ. ಆಮೇಲೆ ನಾನು ಟೇಪು ಹಿಡಿಯಬೇಕು. ಟೇಪು ಬೇರೆ ಹೇಳಿದರೆ ತಪ್ಪು ಟೇಪಿನದ್ದು. "ಹಳೇದಾಯ್ತು, ಜಗ್ಗಿದೆ ಅದು" ಎಂದು ಹೊಸ ಟೇಪು ತರಿಸಿದ್ದೂ ಇದೆ. ಬಾಯಿ ತುಂಬ ಗುಂಡುಪಿನ್ನು ಕಚ್ಚಿಕೊಂಡೇ ಬೈಯಬಲ್ಲರು, ಒಂದೂ ಪಿನ್ನು ಬೀಳುವುದಿಲ್ಲ, ಒಂದೂ ಮಾತು ತಪ್ಪುವುದಿಲ್ಲ. ಮಾವ ಮುಂದೆ ಕೂತು ಸೈಕಲ್ಲು ಓಡಿಸುತ್ತಿದ್ದ ಕಾಲದಲ್ಲಿ ಅತ್ತೆ ಹಿಂದೆ ಕೂತು ತುಳಿದದ್ದು ಅರ್ಧ ಆಯುಷ್ಯ. ಮಾವನ ಮಂಡಿಗಳು ಎರಡೂ ಕೈಕೊಟ್ಟು ಅವರು ಮನೆಯಲ್ಲೇ ಕುರ್ಚಿಯ ಮೇಲೆ ಕೂತು ಪರದೆಗೆ ಉಂಗುರ ಹೊಲಿಯುವ ಹಾಗಾದಾಗ, ಅತ್ತೆ ಯಾರನ್ನೂ ಕೇಳದೆ ಮುಂದಿನ ಸೀಟಿಗೆ ಹತ್ತಿ ಕೂತರು. ಹ್ಯಾಂಡಲ್ಲು ತಿರುಗಿಸುವುದನ್ನು ಕಲಿಯುವಾಗ ಶಾಲೆಯ ಗೋಡೆಗೆ ಗುದ್ದಿದರು, ಗೋಡೆಯನ್ನೇ ಬೈದರು, ಮರುದಿನ ಮತ್ತೆ ಹತ್ತಿದರು. ಹಿಂದಿನ ಸೀಟು ಖಾಲಿಯಾಯಿತು. ನಾನು ಕಟ್ಟಿಕೊಂಡದ್ದು ಬಸ್ ಡ್ರೈವರನ್ನು, ನನಗೆ ಸಿಕ್ಕಿದ್ದು ಸೈಕಲ್ಲಿನ ಹಿಂದಿನ ಸೀಟು.

ಇಷ್ಟನ್ನೂ ನಾನು ಹೊಟ್ಟೆಗೆ ಹಾಕಿಕೊಂಡೇನು. ಹಾಕಿಕೊಳ್ಳಲಾಗದ್ದು ಮೂರನೇ ಗೇರು.

ಆ ಸೈಕಲ್ಲಿಗೆ ಮೂರು ಗೇರುಗಳಿವೆ. ಎಲ್ಲವೂ ಹಿಂದಿನ ಚಕ್ರದ ನಡುವಿನ ಡಬ್ಬಿಯೊಳಗೆ ಅಡಗಿವೆ. ಒಂದನೆಯದಕ್ಕೆ ಹಾಕಿದರೆ ಕಾಲು ಬೇಗ ಬೇಗ ಸುತ್ತುತ್ತದೆ, ಸೈಕಲ್ಲು ಸ್ವಲ್ಪ ಸ್ವಲ್ಪವೇ ಮುಂದೆ ಹೋಗುತ್ತದೆ, ಆದರೆ ತುಳಿತ ಹಗುರ. ಮೂರನೆಯದರಲ್ಲಿ ಒಂದು ಸುತ್ತಿಗೆ ಬಹಳ ದಾರಿ ಸಾಗುತ್ತದೆ, ಆದರೆ ಪ್ರತಿ ಸುತ್ತಿಗೂ ಮೈಭಾರವನ್ನೆಲ್ಲ ಹಾಕಿ ಒತ್ತಬೇಕು. ಏರಿಗೆ ಒಂದು, ಸಮದಾರಿಗೆ ಎರಡು, ಇಳಿಜಾರಿಗೆ ಮೂರು. ಇಷ್ಟು ತಿಳಿಯುವುದಕ್ಕೆ ಯಾರೂ ಶಾಲೆಗೆ ಹೋಗಬೇಕಾಗಿಲ್ಲ. ನಮ್ಮ ಅತ್ತೆಗೆ ಮಾತ್ರ ಏರಿಗೂ ಮೂರು, ಇಳಿಜಾರಿಗೂ ಮೂರು, ಎದುರುಗಾಳಿಗೂ ಮೂರು.

"ಒಂದು ತುಳಿತಕ್ಕೆ ಎಷ್ಟು ದೂರ ಹೋಗತ್ತೆ ನೋಡು. ಒಂದನೇದ್ರಲ್ಲಿ ಅಷ್ಟೇ ದಾರಿಗೆ ಎರಡರಷ್ಟು ತುಳೀಬೇಕು. ಬಟ್ಟೆ ದಂಡ ಮಾಡಲ್ಲ ನಾನು, ತುಳಿತ ಯಾಕೆ ದಂಡ ಮಾಡ್ಲಿ?" ಎನ್ನುತ್ತಾರೆ.

ತುಳಿತವನ್ನು ಉಳಿಸಿ ಡಬ್ಬಿಯಲ್ಲಿ ಹಾಕಿಡುವುದಕ್ಕಾಗುತ್ತದೆಯೇ? ಹಗುರವಾದ ಎರಡು ತುಳಿತ ಭಾರವಾದ ಒಂದಕ್ಕಿಂತ ಮೈಗೆ ಸುಲಭ ಎಂದು ಎಷ್ಟು ವಿಧದಲ್ಲಿ ಹೇಳಿದರೂ ಗೋಡೆಗೆ ಹೇಳಿದ ಹಾಗೆ. ಅದಕ್ಕಿಂತ ದೊಡ್ಡ ಕಾರಣ ಬೇರೆ ಇತ್ತು. ಅತ್ತೆಯ ಲೆಕ್ಕದಲ್ಲಿ ದೊಡ್ಡವರಾದವರು ನಿಧಾನವಾಗಿ ತುಳಿಯಬೇಕು. "ನಾಯಿ ಅಟ್ಟಿಸಿಕೊಂಡು ಬಂದೋರ ಹಾಗೆ ಕಾಲು ಪಟಪಟ ಬಡಿಯೋದು ಮಕ್ಕಳಿಗೆ ಸರಿ. ನಾಲ್ಕು ಜನ ನೋಡೋ ಬೀದೀಲಿ ನಾನು ಹಾಗೆ ಮಾಡ್ಲಾ? ನಿಮ್ಮ ಮಾವ ಒಂದಿನಾನಾದ್ರೂ ಹಾಗೆ ಮಾಡಿದ್ದುಂಟಾ?" ಸೈಕಲ್ಲಿನಿಂದಿಳಿದು ತಳ್ಳಿಕೊಂಡು ಹೋಗೋಣವೆಂದರೆ ಅದು ಇನ್ನೂ ದೊಡ್ಡ ಅವಮಾನ.

ಒಮ್ಮೆ ಮಾತ್ರ, ನನ್ನ ಗೋಳು ತಾಳಲಾರದೆ, ಏರಿನ ಮಧ್ಯದಲ್ಲಿ ಲಿವರನ್ನು ಕೆಳಗೆಳೆದರು. ನನಗೆ ಹೇಳಲಿಲ್ಲ. ನಾನು ಹಿಂದೆ ಶಕ್ತಿಯೆಲ್ಲ ಬಿಟ್ಟು ತುಳಿಯುತ್ತಿದ್ದೆ. ಡಬ್ಬಿಯೊಳಗೆ ಠಪ್ ಎಂದಿತು, ಪೆಡಲು ಹಿಡಿತ ತಪ್ಪಿ ಗಿರ್ರನೆ ಸುತ್ತಿ ನನ್ನ ಕಣಕಾಲಿಗೆ ಬಡಿಯಿತು. ಏಟು ಬಿದ್ದದ್ದು ನನಗೆ, ಮುನಿಸಿಕೊಂಡದ್ದು ಅತ್ತೆ. "ನೋಡು, ಕೆಟ್ಟೋಗಿದೆ ಅದು. ಇನ್ನು ಅದರ ಸುದ್ದಿ ಎತ್ತಬೇಡ." ಲಿವರು ಮೂರಕ್ಕೆ ಹಿಂದಿರುಗಿತು.

ಅತ್ತೆಯ ಬಲಮಂಡಿ ಕೆಡುತ್ತಿರುವುದು ಮೊದಲು ಗೊತ್ತಾದದ್ದು ನನಗೆ. ಅವರು ಹೇಳಲಿಲ್ಲ, ಮುಖ ನೋಡಿ ತಿಳಿಯುವ ಹಾಗೂ ಇರಲಿಲ್ಲ. ಗೊತ್ತಾದದ್ದು ಕಾಲಿನಿಂದ. ಎಡಪೆಡಲು ಇಳಿಯುವಾಗ ಇಬ್ಬರ ಭಾರವೂ ಬೀಳುತ್ತಿತ್ತು. ಬಲಪೆಡಲು ಇಳಿಯುವಾಗ ಮುಂದಿನಿಂದ ಏನೂ ಬರುತ್ತಿರಲಿಲ್ಲ. ಅವರ ಪಾದ ಪೆಡಲಿನ ಮೇಲೆ ಸುಮ್ಮನೆ ಕೂತು ಸವಾರಿ ಮಾಡುತ್ತಿತ್ತು. ಆ ಅರ್ಧ ಸುತ್ತಿಗೆ ಅತ್ತೆಯನ್ನೂ ಕಂಬಿಗಳನ್ನೂ ಪರದೆಯ ಗಂಟನ್ನೂ ನನ್ನದೊಂದು ಬಲಗಾಲು ದಿಬ್ಬ ಹತ್ತಿಸಬೇಕಿತ್ತು. "ಮಂಡಿ ನೋಯ್ತಿದೆಯಾ ಅತ್ತೆ?" ಎಂದು ಕೇಳಿದರೆ, "ನನಗಾ? ನಿನ್ನ ಕಾಲಲ್ಲಿ ದಮ್ಮಿಲ್ಲ ಅಂದ್ರೆ ಹಾಗನ್ನು" ಎಂದರು.

ಅವರು ಮುಚ್ಚಿಡುತ್ತಿದ್ದುದೇಕೆಂದು ನನಗೆ ಗೊತ್ತಿತ್ತು. ಮಂಡಿ ಹೋದರೆ ಮುಂದಿನ ಸೀಟು ಹೋಗುತ್ತದೆ. ಮಾವನ ಪಕ್ಕದಲ್ಲಿ ಇನ್ನೊಂದು ಕುರ್ಚಿ ಬೀಳುತ್ತದೆ, ದಿನವಿಡೀ ಉಂಗುರ ಹೊಲಿಯುವುದು, ದಿಬ್ಬದ ಮೇಲಿನ ಕಿಟಕಿಗಳನ್ನು ನನ್ನ ಬಾಯಿಂದ ಕೇಳಿ ತಿಳಿಯುವುದು. ಅಷ್ಟು ವರ್ಷ ಒಬ್ಬರ ಬೆನ್ನು ನೋಡುತ್ತ ತುಳಿದು ಕಡೆಗೆ ದಾರಿ ಕಾಣುವ ಜಾಗಕ್ಕೆ ಬಂದ ಹೆಂಗಸು ಅದನ್ನು ಸುಲಭಕ್ಕೆ ಬಿಟ್ಟಾರೆಯೇ? ನನಗೆ ಅವರ ಮೇಲೆ ಮರುಕ ಹುಟ್ಟುತ್ತಿತ್ತು. ಮರುಗಳಿಗೆಯೇ ಬಲಪೆಡಲು ಇಳಿಯುತ್ತಿತ್ತು, ಮರುಕ ಆರಿ ಹೋಗುತ್ತಿತ್ತು.

ಹೀಗೆ ತುಳಿದು ತುಳಿದು ನನ್ನ ಬಲಮಂಡಿಯೂ ನೋಯತೊಡಗಿತು. ಅದನ್ನು ನಾನೂ ಬಾಯಿ ಬಿಡಲಿಲ್ಲ. ನಮ್ಮ ಮನೆಯಲ್ಲಿ ಮಂಡಿನೋವು ಹಿರಿಯರ ಆಸ್ತಿ. ಕಿರಿಯರು ಅದರ ಮೇಲೆ ಹಕ್ಕು ಸಾಧಿಸುವ ಹಾಗಿಲ್ಲ. ಹಿಂದೊಮ್ಮೆ ಮೆಟ್ಟಿಲಲ್ಲಿ ಅಯ್ಯೋ ಎಂದದ್ದಕ್ಕೆ ಮಾವ, "ನಿನ್ನ ವಯಸ್ಸಿಗೇ ಅಯ್ಯೋ ಅಂದ್ರೆ ನಮ್ಮ ವಯಸ್ಸಿಗೆ ಏನಂತೀಯ?" ಎಂದು ತಮ್ಮ ಎರಡೂ ಮಂಡಿಗಳ ಚರಿತ್ರೆ ಹೇಳಲು ಶುರುಮಾಡಿದ್ದರು. ಅದನ್ನು ಇನ್ನೊಮ್ಮೆ ಕೇಳುವುದಕ್ಕಿಂತ ನೋವೇ ವಾಸಿ.

ಕಡೆಗೆ ನಾನು ಸೈಕಲ್ ರಿಪೇರಿಯವನ ಹತ್ತಿರ ಹೋದೆ. ಅವನನ್ನು ಎಲ್ಲರೂ ಚಕ್ರವರ್ತಿ ಎಂದೇ ಕರೆಯುತ್ತಾರೆ. ಅಂಗಡಿ ಇರುವುದು ಎರಡು ಕಟ್ಟಡಗಳ ನಡುವಿನ ಸಂದಿಯಲ್ಲಿ, ರಾಜ್ಯಭಾರವೆಲ್ಲ ಒಂದು ಮುಕ್ಕಾಲಿಯ ಮೇಲೆ. "ಅತ್ತೆ ಲಿವರು ಮುಟ್ಟಲ್ಲ. ಅವರಿಗೆ ಗೊತ್ತಾಗದ ಹಾಗೆ ತುಳಿತ ಹಗುರ ಮಾಡಿಕೊಡು" ಎಂದೆ. ಅವನು ಗಡ್ಡ ಕೆರೆದುಕೊಂಡ.

"ಹಿಂದಿನ ಚಕ್ರ ಚಿಕ್ಕದು ಮಾಡೋಣ. ಚಕ್ರ ಚಿಕ್ಕದಾದ್ರೆ ಒಂದು ಸುತ್ತಿಗೆ ಹೋಗೋ ದಾರಿ ಕಮ್ಮಿ, ತುಳಿತ ಹಗುರ. ಗೇರು ಇಳಿಸಿದ ಹಾಗೇನೇ. ಆದ್ರೆ ಒಂದು ಮಾತು..."

ಆದರೆ ಎಂದದ್ದನ್ನು ನಾನು ಕೇಳಿಸಿಕೊಳ್ಳಲಿಲ್ಲ. ಅಷ್ಟು ಸಂತೋಷವಾಗಿತ್ತು. ಆಯಿಲ್ ಹಾಕಿಸಬೇಕೆಂದು ಸುಳ್ಳು ಹೇಳಿ ಸೈಕಲ್ಲನ್ನು ತಂದುಕೊಟ್ಟೆ. ಅವನು ಅದೇ ಗೇರಿನ ಡಬ್ಬಿಗೆ ಚಿಕ್ಕ ರಿಮ್ಮು ಕಟ್ಟಿದ. ಕಂಬಿಗಳೂ ಗಂಟೂ ಮುಚ್ಚಿಕೊಳ್ಳುವುದರಿಂದ ಅತ್ತೆಯ ಕಣ್ಣಿಗೆ ಬೀಳುವ ಭಯವಿರಲಿಲ್ಲ. ಅವರು ಹಿಂದೆ ತಿರುಗಿ ನೋಡುವ ಪೈಕಿಯೂ ಅಲ್ಲ.

ಮೊದಲ ದಿನ ಏರಿನಲ್ಲಿ ನನಗೆ ಸ್ವರ್ಗಕ್ಕೆ ಮೂರೇ ಗೇಣು. ಅತ್ತೆ ಮಾತ್ರ ಶಾಲೆಯ ಗೋಡೆಯ ಹತ್ತಿರ ಬರುವಷ್ಟರಲ್ಲಿ ಗೊಣಗತೊಡಗಿದರು.

"ಏನೇ ಇದು, ಈ ಬೀದಿ ಉದ್ದ ಆಗಿದೆ!"

"ಬೀದಿ ಹೇಗೆ ಉದ್ದ ಆಗತ್ತೆ ಅತ್ತೆ?"

"ನನಗೆ ಗೊತ್ತಿಲ್ವಾ? ಔಷಧಿ ಅಂಗಡಿಯಿಂದ ಈ ಶಾಲೆ ಗೇಟಿಗೆ ಎಷ್ಟು ತುಳಿತ ಅಂತ ನನ್ನ ಕಾಲಿಗೆ ಗೊತ್ತು. ರಸ್ತೆ ರಿಪೇರಿ ಮಾಡ್ತೀವಿ ಅಂತ ಬಂದೋರು ಏನೋ ಮಾಡಿ ಹೋಗಿದಾರೆ."

ನಾನು ನಗು ತಡೆಯಲು ಪರದೆಯ ಗಂಟಿನ ಕಡೆ ಮುಖ ತಿರುಗಿಸಿಕೊಂಡೆ. ಕೆಲವು ದಿನ ಹೀಗೇ ನಡೆಯಿತು. ಬೀದಿ ಉದ್ದವಾದುದರ ಬಗ್ಗೆ ಅತ್ತೆ ಕಂಡಕಂಡವರಿಗೆಲ್ಲ ದೂರು ಹೇಳಿದರು. ಇಬ್ಬರು ಹೌದೆಂದು ಒಪ್ಪಿಕೊಂಡರು ಕೂಡ, ಅತ್ತೆಯೊಡನೆ ವಾದ ಮಾಡಲು ಅವರಿಗೇನು ಹುಚ್ಚೇ? ಇತ್ತ ನನಗೆ ಹೊಸ ತೊಂದರೆಗಳು ಶುರುವಾಗಿದ್ದವು. ಚಿಕ್ಕ ಚಕ್ರ ಪ್ರತಿ ಗುಂಡಿಯ ತಳ ಮುಟ್ಟಿ ಬರುತ್ತಿತ್ತು. ದೊಡ್ಡ ಚಕ್ರ ಮೇಲೆ ಮೇಲೆ ದಾಟಿಕೊಂಡು ಹೋಗುತ್ತಿದ್ದ ಗುಂಡಿಗಳೆಲ್ಲ ಈಗ ನನ್ನ ಬೆನ್ನುಮೂಳೆಗೆ ಒಂದೊಂದಾಗಿ ಪರಿಚಯವಾದವು. ಮೇಲಾಗಿ ಸೈಕಲ್ಲಿನ ಹಿಂಭಾಗ ಕುಸಿದು ನನ್ನ ಪೆಡಲುಗಳು ನೆಲಕ್ಕೆ ಹತ್ತಿರವಾಗಿದ್ದವು. ಚಕ್ರವರ್ತಿ 'ಆದರೆ' ಎಂದದ್ದು ಇದನ್ನೇ.

ಒಂದು ದಿನ ಮೇಲಿನ ಮನೆಯವರು ಬೀಗ ಹಾಕಿ ಹೋಗಿದ್ದರಿಂದ ಹೊರೆಯ ಸಮೇತ ವಾಪಸು ಇಳಿಯುವಾಗ ಆ ಕೆಟ್ಟ ತಿರುವಿನಲ್ಲಿ ಅತ್ತೆ ಎಂದಿನ ಹಾಗೆ ಸೈಕಲ್ಲು ವಾಲಿಸಿದರು. ನನ್ನ ಎಡಪೆಡಲು ನೆಲಕ್ಕೆ ತಾಗಿತು. ಹಿಂಭಾಗ ಎಗರಿತು, ನಾವಿಬ್ಬರೂ ಒಬ್ಬರ ಮೇಲೊಬ್ಬರು ಬಿದ್ದೆವು. ಕೈಕಾಲು ತರಚಿದ್ದು ಬಿಟ್ಟರೆ ಹೆಚ್ಚೇನೂ ಆಗಲಿಲ್ಲ, ಆದರೆ ಒಂದು ಕಂಬಿ ಬಾಗಿತು. ಗಂಟು ಬಿಚ್ಚಿ ಹೋಗಿ ಚಿಕ್ಕ ಚಕ್ರ ಬಯಲಾಯಿತು. ಅತ್ತೆ ಕೂತಲ್ಲೇ ಅದನ್ನು ನೋಡಿದರು, ಮುಂದಿನ ಚಕ್ರ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಕಿವಿಯ ತುದಿ ನೋಡಬೇಕಾದ ಅಗತ್ಯವೇ ಇರಲಿಲ್ಲ.

"ನನಗೆ ಹೇಳದೆ ನನ್ನ ಕಾಲಿನ ಕೆಳಗಿಂದ ಚಕ್ರ ಬದಲಾಯಿಸ್ತೀಯಾ? ನಾನೇನು ಹಿಂದೆ ಕಟ್ಟಿದ ಗಂಟಾ, ಹೇಳ್ದೆ ಕೇಳ್ದೆ ಏನು ಬೇಕಾದ್ರೂ ಮಾಡೋಕೆ?"

ನನಗೂ ನಾಲಿಗೆಯ ತುದಿಗೆ ಬಂದದ್ದು ಅದೇ ಮಾತು. ಹಳೆಯ ಚಕ್ರ ಮತ್ತೆ ಬಂತು, ಅದರ ಜೊತೆ ಮೂರನೇ ಗೇರೂ ಬಂತು. ಬೀದಿ ಮೊದಲಿನಷ್ಟೇ ಗಿಡ್ಡವಾಯಿತು.

ಅಷ್ಟರಲ್ಲೇ ದಿಬ್ಬದ ಮೇಲಿನ ಕಣ್ಣಾಸ್ಪತ್ರೆಯ ಕೆಲಸ ಸಿಕ್ಕಿತು. ಕಣ್ಣು ಪರೀಕ್ಷೆ ಮಾಡುವ ಕೋಣೆಗಳಿಗೆಲ್ಲ ಬೆಳಕು ನುಸುಳದ ದಪ್ಪ ಕಪ್ಪು ಪರದೆಗಳು. ಬಟ್ಟೆ ಒಂದು ಹೊರೆ, ಕಂಬಿ ಒಂದು ಹೊರೆ, ದಿನವೂ ಏರು. ನಮಗೆ ಅಂಥ ಕೆಲಸ ಹಿಂದೆಂದೂ ಸಿಕ್ಕಿರಲಿಲ್ಲ. ಅತ್ತೆ ಹಿಗ್ಗಿ ಹೋದರು. ನಾನು ಏರನ್ನು ನೆನೆದು ಕುಗ್ಗಿ ಹೋದೆ.

ಆ ವಾರವೇ ಒಂದು ಬೆಳಿಗ್ಗೆ ಆಸ್ಪತ್ರೆಯ ಗೇಟಿನ ಮುಂದೆ ಸೈಕಲ್ಲು ನಿಂತಿತು. ನಾನು ಇಳಿದೆ, ಅತ್ತೆ ಇಳಿಯಲಿಲ್ಲ. "ಇಳೀರಿ ಅತ್ತೆ" ಎಂದರೆ, "ಇಳೀತೀನಿ ಇರು, ಏನು ಅವಸರ" ಎಂದರು. ಮಂಡಿ ಮಡಚಿದ್ದು ಮಡಚಿದ ಹಾಗೇ ಹಿಡಿದುಕೊಂಡಿತ್ತು. ನಾನೂ ಕಾವಲುಗಾರನೂ ಸೇರಿ ಅವರನ್ನು ಎತ್ತಿ ಇಳಿಸಿ ಮೆಟ್ಟಿಲ ಮೇಲೆ ಕೂರಿಸಿದೆವು. ಆಗಲೂ ಅವರಿಗೆ ಚಿಂತೆ ಕಾವಲುಗಾರನದ್ದು. "ಅವನು ಯಾಕೆ ಮುಟ್ಟಿದ? ಕಾಲು ಜೋಮು ಹಿಡಿದಿತ್ತು ಅಷ್ಟೆ." ಅಲ್ಲಿ ಹಾದುಹೋದ ಕಣ್ಣಿನ ಡಾಕ್ಟರನ್ನು ತಡೆದು ಮಂಡಿ ತೋರಿಸಿದರು. ಅವರು, "ಅಮ್ಮಾ, ನಾನು ಕಣ್ಣಿನೋನು" ಎಂದರು. "ಕಣ್ಣಿದೆಯಲ್ಲ, ನೋಡಿ ಹೇಳಿ" ಎಂದರು ನಮ್ಮ ಅತ್ತೆ.

ಅವರು ಪಾಪ ಒಬ್ಬ ಮೂಳೆ ಡಾಕ್ಟರ ವಿಳಾಸ ಹೇಳಿದರು. ಮೂಳೆ ಡಾಕ್ಟರು ಮಂಡಿಯನ್ನು ಮಡಚಿ ಬಿಡಿಸಿ, ಕಿರುಗುಟ್ಟುವುದನ್ನು ಕೇಳಿ, ಸೈಕಲ್ಲಿನ ಕಥೆಯನ್ನೂ ಕೇಳಿದರು. "ತುಳಿಯೋದು ಬಿಡಬೇಡಿ, ಒತ್ತೋದು ಬಿಡಿ. ಹಗುರ ಗೇರಲ್ಲಿ ಎಷ್ಟು ಬೇಕಾದ್ರೂ ತುಳೀರಿ, ಮಂಡಿಗೆ ಒಳ್ಳೇದೇ. ಹೀಗೇ ಒತ್ತುತಾ ಇದ್ರೆ ಇನ್ನೊಂದು ವರ್ಷಕ್ಕೆ ಮೆಟ್ಟಿಲೂ ಹತ್ತೋಕಾಗಲ್ಲ" ಎಂದರು. ನಾನು ಗೆದ್ದೆ ಎಂದುಕೊಂಡೆ. ಅತ್ತೆ ಹೊರಗೆ ಬಂದವರೇ, "ಆ ಡಾಕ್ಟ್ರಿಗೆ ಸೈಕಲ್ಲು ಹೊಡೆಯೋಕೆ ಬರಲ್ಲ, ಮುಖ ನೋಡಿದ್ರೇ ಗೊತ್ತಾಗತ್ತೆ" ಎಂದರು. ಅಲ್ಲೇ ಬೀದಿಯಲ್ಲಿ ಕೂತು ಅತ್ತುಬಿಡೋಣ ಅನ್ನಿಸಿತು.

ಸಂಜೆ ಮನೆಯಲ್ಲಿ ನಾನು ಮಾವನ ಮೊರೆ ಹೋದೆ. ಅವರ ಮಾತನ್ನಾದರೂ ಅತ್ತೆ ಕೇಳುತ್ತಾರೇನೋ ಎಂಬ ಆಸೆ. ಮಾವ ಕಪ್ಪು ಪರದೆಯ ಅಂಚನ್ನು ತೊಡೆಯ ಮೇಲೆ ಹರಡಿಕೊಂಡು ಉಂಗುರ ಹೊಲಿಯುತ್ತಿದ್ದರು. ತಲೆ ಎತ್ತದೆಯೇ ಹೇಳಿದರು. "ಡಾಕ್ಟ್ರು ಹೇಳಿದ್ದು ಸರಿ. ನನಗೂ ಅದನ್ನೇ ಹೇಳಿದ್ರು. ಮೂರನೇದ್ರಲ್ಲೇ ಒತ್ತಿ ಒತ್ತಿ ಮಂಡಿ ಸವೆದಿದೆ ಅಂತ."

ಅತ್ತೆ ಕತ್ತರಿ ಕೆಳಗಿಟ್ಟರು. "ಯಾವಾಗ ಹೇಳಿದ್ರು?"

"ಅದೇ, ಆಗ. ತೋರಿಸಿದಾಗ."

"ನನಗೆ ಯಾಕೆ ಹೇಳ್ಲಿಲ್ಲ?"

"ನನ್ನ ಮಂಡಿ ವಿಷಯ, ನಿನಗ್ಯಾಕೆ?"

"ಮೂರನೇ ಗೇರಲ್ಲಿ ತುಳಿದೋರು ನೀವೊಬ್ರೇನಾ? ಹಿಂದೆ ಯಾರಿದ್ರು? ಮೆಟ್ಟಿಲು ಇಳಿಯೋವಾಗ ಗೋಡೆ ಹಿಡ್ಕೊಂಡು ಇಳೀತಿದ್ದೆ ನಾನು, ಆ ಕಾಲದಲ್ಲೇ."

"ನಿನಗೆ ನೋವಿದೆ ಅಂತ ನನಗೇನು ಗೊತ್ತು? ನನಗೇನು ಬೆನ್ನಲ್ಲಿ ಕಣ್ಣಿತ್ತಾ? ನೀನು ಬಾಯಿ ಬಿಟ್ಟು ಹೇಳಬೇಕಿತ್ತು."

ನನಗೆ ಆಗ ಎಲ್ಲಿತ್ತೋ ಕೋಪ. ಮಾವನ ಮೇಲೆ, ಅತ್ತೆಯ ಮೇಲೆ, ಬಾಗಿಲಲ್ಲಿ ನಿಂತು ಇಬ್ಬರ ಮಧ್ಯೆ ನಾನ್ಯಾಕೆ ಎನ್ನುವ ಹಾಗೆ ಶೂ ಬಿಚ್ಚುತ್ತಿದ್ದ ಗಂಡನ ಮೇಲೆ, ಎಲ್ಲರ ಮೇಲೂ. "ನಾನು ಬಾಯಿ ಬಿಟ್ಟೇ ಹೇಳ್ತಿದೀನಿ, ಕೇಳಿ" ಎಂದೆ. "ನನ್ನ ಬಲಮಂಡಿ ನೋಯ್ತಿದೆ. ಅತ್ತೇದು ನೋಯೋಕೆ ಶುರುವಾದಾಗಿಂದ ನನ್ನದೂ ನೋಯ್ತಿದೆ. ಅವರ ಬಲಗಾಲಿನ ಪಾಲನ್ನೂ ನಾನೇ ತುಳೀತಿದೀನಿ. ನನಗೆ ಮಂಡಿ ನೋಯೋ ವಯಸ್ಸಲ್ಲ ಅಂತ ಯಾರಾದ್ರೂ ಹೇಳಿದ್ರೆ ಈ ಮೇಜು ಎತ್ತಿ ಹಾಕ್ತೀನಿ!"

ಮೇಜು ಎತ್ತಲು ನಾಲ್ಕು ಜನ ಬೇಕು. ಯಾರೂ ನಗಲಿಲ್ಲ. ಇಷ್ಟು ಹೊತ್ತೂ ಮಾವನ ಮೇಲೆ ಹಾರಾಡುತ್ತಿದ್ದ ಅತ್ತೆ ನನ್ನ ಕಡೆ ತಿರುಗಿ ನಿಂತರು. ನನ್ನ ಬಲಮಂಡಿಯನ್ನೊಮ್ಮೆ ನೋಡಿದರು. ನಾನು ಹೇಳಬಾರದಿತ್ತೇನೋ ಅನ್ನಿಸಿತು. ಅವರು ಚಪ್ಪಲಿ ಮೆಟ್ಟಿಕೊಂಡು, ಸೈಕಲ್ಲು ತಳ್ಳಿಕೊಂಡು, ಕುಂಟುತ್ತ ಬೀದಿಗಿಳಿದರು.

ಹೋದದ್ದು ಚಕ್ರವರ್ತಿಯ ಹತ್ತಿರ. "ಈ ಲಿವರು ಕೆಟ್ಟಿದೆಯಾ ಇಲ್ವಾ, ಸರಿಯಾಗಿ ಹೇಳು" ಎಂದರಂತೆ. ಅವನು ಕೆಟ್ಟಿಲ್ಲವೆಂದ. ಗೇರು ಬದಲಾಗುವ ಗಳಿಗೆಯಲ್ಲಿ ಪೆಡಲಿನ ಮೇಲೆ ಭಾರವಿರಬಾರದು, ಇಬ್ಬರೂ ಒಟ್ಟಿಗೆ ಕಾಲು ಸಡಿಲ ಬಿಡಬೇಕು, ಒಬ್ಬರು ಒತ್ತುತ್ತಿದ್ದರೂ ಅದು ಕಚ್ಚಿಕೊಳ್ಳದೆ ಜಾರುತ್ತದೆ ಎಂದು ಹೇಳಿಕೊಟ್ಟ. "ಎಳೆಯೋಕೆ ಮುಂಚೆ ಹಿಂದಿನೋರಿಗೆ ಹೇಳಬೇಕು, ಅಷ್ಟೇ ಅಮ್ಮ." ಇದನ್ನೆಲ್ಲ ನನಗೆ ಆಮೇಲೆ ಅವನೇ ಹೇಳಿದ. ಅತ್ತೆ ಮನೆಗೆ ಬಂದು ನೇರ ಅಡಿಗೆಮನೆಗೆ ಹೋದರು. ಮಾವನಿಗೆ ಊಟ ಬಡಿಸಲಿಲ್ಲ.

ಬೆಳಿಗ್ಗೆ ಎಂದಿನ ಹಾಗೆ ಕಂಬಿ ಬಿಗಿದೆವು, ಗಂಟು ಕಟ್ಟಿದೆವು. ಔಷಧಿ ಅಂಗಡಿಯವನು ಬಾಗಿಲು ತೆಗೆಯುತ್ತಿದ್ದ. ಏರಿನ ಬುಡದಲ್ಲಿ ಅತ್ತೆ ಕತ್ತನ್ನು ಒಂದಿಷ್ಟೇ ತಿರುಗಿಸಿದರು.

"ಕಾಲು ಸಡ್ಲ ಬಿಡು."

ನಾನು ಬಿಟ್ಟೆ. ಅವರೂ ಬಿಟ್ಟರು. ಕಟಕ್ ಎಂದಿತು. ಮತ್ತೆ ಸಡ್ಲ ಬಿಡು ಎಂದರು, ಮತ್ತೆ ಕಟಕ್ ಎಂದಿತು, ಒಂದನೇ ಗೇರಿಗೆ ಬಂದೆವು. ನಾಲ್ಕು ಕಾಲುಗಳೂ ಪಟಪಟನೆ ಸುತ್ತತೊಡಗಿದವು. ಸೈಕಲ್ಲು ಗೊಣಗದೆ ಹತ್ತಿತು. ಶಾಲೆಯ ಗೇಟಿನಲ್ಲಿ ನಿಂತಿದ್ದ ಮಕ್ಕಳು ಚಪ್ಪಾಳೆ ತಟ್ಟಿದರು. ಅತ್ತೆಯ ಕಿವಿಗಳು ಕೆಂಡದ ಹಾಗಾದವು. "ನೋಡ್ತಾರೆ ನೋಡು, ಯಾವತ್ತೂ ಸೈಕಲ್ಲೇ ಕಂಡಿಲ್ದೋರ ಹಾಗೆ!" ಅಷ್ಟರಲ್ಲಿ ಹಿಂದಿನಿಂದ ನನ್ನ ಗಂಡನ ಬಸ್ಸು ಬಂತು, ತುಂಬಿ ತುಳುಕುತ್ತಿತ್ತು. ಇಡೀ ಬಸ್ಸು ಕಿಟಕಿಗೆ ಮುಖ ಒತ್ತಿ ಅತ್ತೆಯ ಕಾಲುಗಳನ್ನು ನೋಡಿತು. ಅವನು ಹಾರನ್ ಹೊಡೆಯುವುದನ್ನೂ ಮರೆತ. ಅತ್ತೆ ತಮ್ಮ ಮಗನನ್ನೂ, ಬಸ್ಸನ್ನೂ, ಅದರ ಹೊಗೆಯನ್ನೂ ಒಟ್ಟಿಗೆ ಬೈದರು, ಆದರೆ ಲಿವರು ಮುಟ್ಟಲಿಲ್ಲ.

ತಿರುವು ದಾಟಿದ ಮೇಲೆ ಬಲಪೆಡಲು ಇಳಿಯುವಾಗ ಮುಂದಿನಿಂದ ಒಂದು ಸಣ್ಣ ತುಳಿತ ಬಂತು. ಎಡದಷ್ಟಲ್ಲ. ಆದರೂ ಅವರದ್ದೇ. ನನ್ನ ಕಾಲಿನ ಮೇಲಿನ ಭಾರ ಇಳಿದದ್ದು ನನಗೆ ಸ್ಪಷ್ಟವಾಗಿ ತಿಳಿಯಿತು, ಕಣ್ಣು ತುಂಬಿ ಬಂತು.

"ಈಗ ನೋವಿದೆಯೇನೇ?" ಎಂದರು ಅತ್ತೆ.

"ಇಲ್ಲ ಅತ್ತೆ."

"ಸುಳ್ಳು ಹೇಳಬೇಡ. ಬಲಗಾಲು ಇಳಿಸೋವಾಗ ತಡವರಿಸ್ತೀಯ ನೀನು. ಇಲ್ಲಿ ನನ್ನ ಕಾಲಿಗೆ ಗೊತ್ತಾಗತ್ತೆ."

ನೀರಿನ ಟ್ಯಾಂಕಿನವರೆಗೂ ತುಳಿದೆವು. ಆಮೇಲೆ, ನನಗಲ್ಲ, ದಾರಿಗೆ ಹೇಳುವ ಹಾಗೆ ಮೆಲ್ಲಗೆ ಹೇಳಿದರು.

"ಇಷ್ಟು ದಿನ ನಾನು ಗಮನ ಕೊಡ್ಲಿಲ್ಲ. ಕೊಟ್ಟಿದ್ರೆ ಗೊತ್ತಾಗ್ತಿತ್ತು." ಮತ್ತೆರಡು ಸುತ್ತು ತುಳಿದರು. "ಹಾಗಾದ್ರೆ ನನ್ನ ನೋವೂ ನಿಮ್ಮ ಮಾವನಿಗೆ ಗೊತ್ತಾಗ್ತಿತ್ತು. ಅಷ್ಟು ವರ್ಷವೂ ಗೊತ್ತಾಗ್ತಿತ್ತು."

ಮುಂದೆ ಆಸ್ಪತ್ರೆಯ ಗೇಟು ಬಂತು. ಅತ್ತೆ ಬ್ರೇಕು ಹಿಡಿದು, ಯಾರ ಕೈಯನ್ನೂ ಹಿಡಿಯದೆ ತಾವಾಗಿಯೇ ಇಳಿದರು. ಆ ದಿನವೆಲ್ಲ ಪರದೆ ತೂಗುಹಾಕುವಾಗ ಸಂಜೆ ಮಾವನ ಗತಿ ಏನಾಗುವುದೋ ಎಂದು ನಾನು ಯೋಚಿಸುತ್ತಲೇ ಇದ್ದೆ. ಅವರ ಬಗ್ಗೆ ನನಗೆ ಅಯ್ಯೋ ಅನ್ನಿಸಲಿಲ್ಲ.